ಹಾಪ್ಸ್ ಬಳ್ಳಿಗೆ ಚಳಿಗಾಲ

ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಿನ ಹಾಪ್ಸ್ ಬಳ್ಳಿ ಕಂಬ ಹತ್ತುವುದನ್ನು ಬಿಟ್ಟು ಬಹಳ ವರ್ಷಗಳಾದವು. ಈಗ ಅದಕ್ಕೆ ಮೈಬಿಸಿ ಇರುವ ಆಸರೆಯೇ ಬೇಕು. ಹಾಗಾಗಿ ಮನೆಯಲ್ಲೇ ಬಿಯರ್ ಮಾಡುವವರ ಅಂಗಳದಲ್ಲೆಲ್ಲ ಯಾರಾದರೊಬ್ಬರು ಬಳ್ಳಿ ಸುತ್ತಿಸಿಕೊಂಡು ನಿಂತಿರುತ್ತಾರೆ. ನಮ್ಮ ಮಲ್ಪೆಯ ಮನೆಯಲ್ಲಿ ನಾನು.

ಕತ್ತರಿಸಲು ಹೋದರೆ ಬಳ್ಳಿ ಇನ್ನಷ್ಟು ಬಿಗಿಯುತ್ತದೆ. ಚಳಿ ದೇಶಗಳಲ್ಲಿ ಹಿಮ ಬಿದ್ದೊಡನೆ ಅದು ನಿದ್ದೆಹೋಗಿ, ಹಿಡಿತ ತಾನಾಗಿ ಸಡಿಲುತ್ತದೆಯಂತೆ. ಈ ಬೆವರುವ ಊರಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ನನ್ನ ಗಂಡ ಹಿಲರಿ ಮೀನು ಬಂದರಿನಿಂದ ದಿನಾ ಒಂದು ಪೆಟ್ಟಿಗೆ ಐಸ್ ತಂದು ಬುಡಕ್ಕೆ ಸುರಿಯುತ್ತಾನೆ. ನಲವತ್ತು ದಿನ ಸುರಿಯಬೇಕು. ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ.

ಇವತ್ತು ಮೂವತ್ತೆಂಟನೆಯ ದಿನ. ನಿನ್ನೆಯಷ್ಟೇ ಬಲ ಮೊಣಕೈ ಎತ್ತಿ, ಎರಡು ವರ್ಷಗಳ ಬಳಿಕ ನನ್ನ ಮೂಗನ್ನು ನಾನೇ ತುರಿಸಿಕೊಂಡಿದ್ದೆ.

ಮಧ್ಯಾಹ್ನ ಹಿಲರಿ ಐಸ್ ಪೆಟ್ಟಿಗೆ ಹೊತ್ತು ನನ್ನ ಮುಂದೆಯೇ ಹಾದು ಜಗಲಿಗೆ ಹೋದ. ಅಲ್ಲಿ ಅವನ ಗೆಳೆಯರು ಕೂತಿದ್ದರು. ಐಸೆಲ್ಲ ಬಿಯರ್ ಬಾಟಲಿಗಳಿದ್ದ ಟಬ್ಬಿಗೆ ಬಿತ್ತು.

“ಹಿಲರಿ, ಬುಡಕ್ಕೆ?”

“ಬಂದವರಿಗೆ ಬಿಸಿ ಬಿಯರ್ ಕೊಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಒಂದು ದಿನ ಅಲ್ವಾ? ನಾಳೆಯಿಂದ ಪುನಃ ಶುರು ಮಾಡುವ.”

“ಎಂಥ ಪರಿಮಳ ಮಾರ್ರೆ!” ಎನ್ನುತ್ತ ಗೆಳೆಯರು ನನ್ನ ಕಡೆಗೆ ಗ್ಲಾಸ್ ಎತ್ತಿದರು.

ಹಿಲರಿ ಒಂದು ಗ್ಲಾಸ್ ತಂದು ನನ್ನ ತುಟಿಗೆ ಹಿಡಿದ. ಹಲ್ಲು ಜುಮ್ಮೆನ್ನುವಷ್ಟು ತಂಪು. ಬಾಯಿ ತುಂಬ ತೆಗೆದುಕೊಂಡು, ಅವನು ಅತ್ತ ತಿರುಗಿದೊಡನೆ ಬುಡಕ್ಕೆ ಉಗುಳಿದೆ.

“ಹೇಗುಂಟು?” ಎಂದ.

“ಇನ್ನೊಂದು ತಾ,” ಎಂದೆ.

ಅಷ್ಟರಲ್ಲಿ ಬಳ್ಳಿ ಬಿಗಿದು ನನ್ನ ಮೊಣಕೈ ಮತ್ತೆ ಪಕ್ಕೆಗೆ ಅಂಟಿಕೊಂಡಿತ್ತು.