ದಿಬ್ಬದೊಳಗಿನ ಸೀಸ

ವೆಂಡೆಲ್ ಹೊಡೆದ ಗುಂಡು ದೂರದಲ್ಲಿ ಗುರಿಯಾಗಿ ನಿಲ್ಲಿಸಿದ್ದ ಕಬ್ಬಿಣದ ಟಗರಿಗೆ ಟಣ್ಣನೆ ಬಡಿಯಿತು. ಟಗರು ಒಮ್ಮೆ ತೂಗಾಡಿ ಸುಮ್ಮನೆ ನಿಂತುಕೊಂಡಿತು. ಬೀಳದ ಟಗರು ಲೆಕ್ಕಕ್ಕಿಲ್ಲ.

“ಗಾಳಿ ನೋಡಕ್ಕ, ಗಾಳಿ!” ಎಂದ ಅವನು, ಯಾರೂ ಕೇಳದಿದ್ದರೂ.

ಮೊಂಟಾನಾದ ಆ ಬಯಲಲ್ಲಿ ಗಾಳಿ ಇಲ್ಲದ ದಿನ ಯಾವುದಿತ್ತು? ಅಕ್ಕ ಅರ್ಲೀನ್ ತನ್ನ ಕೋವಿಗೆ ಗುಂಡು ತುಂಬತೊಡಗಿದಳು. ಶೂಟಿಂಗ್ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಅಕ್ಕ ತಮ್ಮ ಇಬ್ಬರೂ ಸಮಸಮ ಇದ್ದರು. ಉಳಿದಿದ್ದು ಅವಳದೊಂದೇ ಗುಂಡು. ಗುರಿಗಳ ಹಿಂದಿನ ಮಣ್ಣಿನ ದಿಬ್ಬದಲ್ಲಿ ವರ್ಷವಿಡೀ ಹೂತುಹೋದ ಸೀಸವೆಲ್ಲ ಗೆದ್ದವರಿಗೆ, ಅದು ಕ್ಲಬ್ಬಿನ ರೂಢಿ. ವೆಂಡೆಲ್‌ಗೆ ಅದು ಗುಜರಿಗೆ ಹಾಕುವ ಮಾಲು. ಅರ್ಲೀನ್‌ಗೆ ಹಾಗಲ್ಲ. ಅವಳು ಹಳೆಯ ಸೀಸ ತರುತ್ತಿದ್ದ ಟೈರ್ ಅಂಗಡಿಯವರು ಚಕ್ರದ ತೂಕ ಸರಿದೂಗಿಸಲು ಸೀಸದ ತುಂಡು ಹಾಕುವುದನ್ನೇ ಬಿಟ್ಟಿದ್ದರು. ಅವಳ ಶೆಡ್ಡಿನಲ್ಲಿ ಕರಗಿಸಲು ಚೂರೂ ಉಳಿದಿರಲಿಲ್ಲ. ಇದೂ ಕೈತಪ್ಪಿದರೆ ಗುಂಡು ಎರಕ ಹೊಯ್ಯುವ ಅವಳ ಕೆಲಸ ಅಲ್ಲಿಗೇ ಮುಗಿದ ಹಾಗೆ.

“ಈ ಒಂದು ಗುಂಡಿಗೆ ಎಷ್ಟು ಶನಿವಾರ ಸುಟ್ಟೆ?” ವೆಂಡೆಲ್ ಕೆಣಕಿದ. “ಕರಗಿಸೋದು, ಅಚ್ಚಿಗೆ ಹೊಯ್ಯೋದು, ತೂಗೋದು, ಸುಕ್ಕಾಯ್ತು ಅಂತ ಮತ್ತೆ ಕರಗಿಸೋದು! ನಿನ್ ಕೂಲಿ ಸೇರಿಸಿದ್ರೆ ಬೆಳ್ಳಿ ಗುಂಡೇ ಅಗ್ಗ. ನನ್ ಹಾಗೆ ಅಂಗಡೀಲಿ ಡಬ್ಬಿ ತಗೊಂಡ್ರೆ ಮುಗೀತಪ್ಪ.”

“ಕೂಲಿ ಕೇಳ್ದೋರು ಯಾರೋ? ಶನಿವಾರ ನಂದು. ಬಾಯ್ಮುಚ್ಕೊಂಡಿರು, ಉಸಿರು ಹಿಡೀಬೇಕು.”

ಅವಳು ಉಸಿರು ಹಿಡಿದು ಬೆರಳು ಒತ್ತಿದಳು. ಹಳೆಯ ಕೋವಿ ಗುಡುಗಿತು. ಮದ್ದಿನ ಬಿಳಿ ಹೊಗೆ ಕಣ್ಣಿಗೆ ಅಡ್ಡ ಬಂದು ಏನೂ ಕಾಣಲಿಲ್ಲ. ಗುಂಡು ಕಬ್ಬಿಣಕ್ಕೆ ಬಡಿದ ಸದ್ದು ಮಾತ್ರ ತಡವಾಗಿ, ದಪ್ಪಗೆ ಕೇಳಿಸಿತು. ಹೊಗೆ ಸರಿದಾಗ ಟಗರು ಕಾಲು ಮೇಲೆ ಮಾಡಿ ಬಿದ್ದಿತ್ತು. ಶಾಲಾ ಬಸ್ಸು ಓಡಿಸುವ, ಮಕ್ಕಳನ್ನು ಗದರಿಸುವ ಆ ಹೆಂಗಸು ಟೋಪಿಯನ್ನು ಮೇಲಕ್ಕೆಸೆದು ಮಕ್ಕಳಂತೆಯೇ ಕಿರುಚಿದಳು. ಅವಳಿಗೆ ಅಷ್ಟು ಖುಷಿಯಾಗಿತ್ತು.

ಅಂದೇ ಮಧ್ಯಾಹ್ನ ಅವಳು ದಿಬ್ಬ ಅಗೆಯತೊಡಗಿದಳು. ಸೋತ ತಮ್ಮ ಮುಖ ಹುಳ್ಳಗೆ ಮಾಡಿಕೊಂಡು ಜರಡಿ ಹಿಡಿದ. ಮಣ್ಣು ಉದುರಿದಾಗ ತಾಮ್ರದ ಹೊದಿಕೆಯ ಗುಂಡೊಂದು ಫಳಕ್ಕನೆ ಹೊಳೆಯಿತು.

“ಅರೆ, ಇದು ನಂದು! ಸ್ವಲ್ಪನೂ ನುಗ್ಗಾಗಿಲ್ಲ ನೋಡು. ಕಂಪನಿ ಮಾಲು ಅಂದ್ರೆ ಹೀಗಿರ್ಬೇಕು.”

“ಕಬ್ಬಿಣಕ್ಕೆ ತಾಗಿದ್ದು ಚೂರಾಗತ್ತೆ ಕಣೋ,” ಎಂದಳು ಅರ್ಲೀನ್, ಗುಂಡನ್ನು ತನ್ನ ಬಕೆಟ್ಟಿಗೆ ಹಾಕಿಕೊಳ್ಳುತ್ತ. “ಇಡಿಯಾಗಿ ಸಿಗೋದೆಲ್ಲ ಗುರಿ ತಪ್ಪಿದ್ದು. ಜರಡಿ ಸರಿಯಾಗಿ ಹಿಡಿ, ನಿಂದಿನ್ನೂ ಬೇಕಾದಷ್ಟಿದೆ.”