ತಾನ ಹಂಗಾತ್ರಿ

ಹೊಲಿಗೆ ಯಂತ್ರಗಳು ಇಂಗ್ಲಿಷಿನಲ್ಲಿ ಹೇಳಿದ ದೂರನ್ನು ಮಾತ್ರ ಕೇಳಿಸಿಕೊಳ್ಳುವಂತಾದ ಮೇಲೆ ಹುಬ್ಬಳ್ಳಿಯ ಈ ಅಂಗಿ ಕಾರ್ಖಾನೆಗೆ ಹೊಲಿಯುವ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ನಾನು ಟೀಚರಾಗಿ ಬಂದೆ. ತಿಂಗಳಿಡೀ ಒಂದೇ ಪಾಠ: ಮೊದಲು ಯಾರು ಏನು ಮಾಡಿದರೆಂದು ಹೇಳಬೇಕು, ಆಮೇಲೆ ಏನಾಯಿತೆಂದು.

ಇವತ್ತು ಫಕೀರವ್ವನ ಯಂತ್ರದ ಪರದೆ ಕಪ್ಪಾಗಿತ್ತು.

“ಏನಾತು? ಇಂಗ್ಲಿಷಿನಾಗ ಹೇಳ್ರಿ,” ಎಂದೆ.

“ಇಟ್ ಬಿಕೇಮ್ ಲೈಕ್ ದಟ್ ಓನ್ಲಿ.”

ಯಂತ್ರ ಮಿಸುಕಲಿಲ್ಲ.

“ಯಾರು ಮಾಡಿದ್ರು ಅನ್ನೂದನ್ನ ಹೇಳ್ರಿ.”

“ಯಾರೂ ಏನೂ ಮಾಡಿಲ್ರಿ ಮೇಡಂ. ತಾನ ಹಂಗಾತ್ರಿ.”

“‘ಐ’ ಅಂತ ಶುರು ಮಾಡ್ರಿ.”

“‘ಐ’ ಬ್ಯಾಡ್ರಿ ಮೇಡಂ.”

ಉಳಿದ ಹೆಂಗಸರನ್ನೂ ಕೇಳಿದೆ. ಒಬ್ಬಳ ಬಾಯಿಂದಲೂ ‘ಐ’ ಹೊರಡಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಯಂತ್ರದ ಮುಂದೆ ಬಗ್ಗಿ ನಾನೇ ಕೂಗಿದೆ: “ಐ ಪ್ರೆಸ್ಡ್ ದ ರಾಂಗ್ ಬಟನ್. ದ ಸ್ಕ್ರೀನ್ ವೆಂಟ್ ಬ್ಲ್ಯಾಕ್.”

ಪರದೆ ಬೆಳಗಿತು. ದೂರು ಸ್ಪಷ್ಟವಾಗಿದೆ, ತಪ್ಪು ಮಾಡಿದವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಯಂತ್ರ ಹೇಳಿತು. ನನ್ನ ಕೊರಳಿನ ಐಡಿ ಕಾರ್ಡು ಕೆಂಪಾಯಿತು.

“ಅದಕ್ಕ ಬ್ಯಾಡ ಅಂದಿದ್ನ್ರಿ,” ಎಂದ ಫಕೀರವ್ವ ಸೂಜಿಗೆ ದಾರ ಪೋಣಿಸತೊಡಗಿದಳು.

ಗೇಟಿನಲ್ಲಿ ಕಾವಲುಗಾರ ಕಾರ್ಡು ನೋಡಿ ಕೇಳಿದ, “ಏನ್ ಮಾಡಿದ್ರಿ ಮೇಡಂ?”

“ನಾ ಏನೂ ಮಾಡಿಲ್ಲಪಾ,” ಎಂದೆ. “ತಾನ ಹಂಗಾತು.”