ವೀಳ್ಯದೆಲೆಯ ಆಣೆ

ಮತ್ತೆ ಓಟು ಕೇಳಲು ಬಂದ ಪುರಸಭೆ ಸದಸ್ಯ ಶಿವಲಿಂಗುವಿಗೆ ಪುಟ್ಟತಾಯಮ್ಮ ಮೊಬೈಲಿನಲ್ಲಿ ಹಳೆಯ ವಿಡಿಯೋ ತೋರಿಸಿದಳು. ಬೀದಿಗೆ ನಲ್ಲಿ ಹಾಕಿಸುತ್ತೇನೆಂದು ಅವನು ಮಾತು ಕೊಟ್ಟದ್ದು ಅದರಲ್ಲಿತ್ತು.

“ಅದು ನಾನಲ್ಲ ಕಣವ್ವಾ, ಕಂಪ್ಯೂಟರ್ ಮಾಡಿರೋ ನಕಲಿ!”

“ಹೌದಾ? ಕಾಲ ಕೆಟ್ಟೋಯ್ತು ಬಿಡಪ್ಪಾ.”

ಅವಳು ನಂಬಿದ್ದು ಕಂಡು ಶಿವಲಿಂಗುವಿಗೆ ಒಳಗೊಳಗೇ ನಗು. ಆದರೂ ಈ ಸಲ ಗೆಲ್ಲಲೇಬೇಕಲ್ಲ! ಬೀದಿಯ ಹೆಂಗಸರಿಗೆಲ್ಲ ಸೀರೆ ಹಂಚಿ, ಓಟು ತನಗೇ ಎಂದು ವೀಳ್ಯದೆಲೆ ಮುಟ್ಟಿಸಿ ಆಣೆ ಮಾಡಿಸಿದ. ಅದನ್ನೆಲ್ಲ ವಿಡಿಯೋ ಮಾಡಿಟ್ಟುಕೊಂಡ.

ಕೊನೆಗೆ ಆ ಬೀದಿಯ ಮತಗಟ್ಟೆಯಲ್ಲೇ ಮಣ್ಣು ಮುಕ್ಕಿದ.

ಉರಿದುಕೊಂಡು ಬಂದವನೇ ಮೊಬೈಲನ್ನು ಪುಟ್ಟತಾಯಮ್ಮನ ಮುಖಕ್ಕೆ ಹಿಡಿದ. “ನೋಡವ್ವಾ, ಎಲೆ ಮುಟ್ಟಿ ಆಣೆ ಮಾಡ್ತಿರೋರು ಯಾರು?”

ಅವನು ಕೊಟ್ಟ ಸೀರೆಯ ಸೆರಗಿನಲ್ಲೇ ಕನ್ನಡಕ ಒರೆಸಿಕೊಂಡು ಅವಳು ಪೂರ್ತಿ ನೋಡಿದಳು.

“ಅಯ್ಯೋ, ನಮ್ಮನ್ನೂ ಬಿಡಲಿಲ್ವಲ್ಲಪ್ಪಾ ಆ ಕಂಪ್ಯೂಟರು!”